ಪಿಡಿಎಫ್‌ಡಾಕ್ಯುಮೆಂಟ್: ಮೂರು ವರ್ಷ ಬಳಸಿದ ಮೇಲೆ

ಆ್ಯಪ್‌ನಲ್ಲಿ ಕಾಣುವ ಬಿಲ್ಲನ್ನು ಪಿಡಿಎಫ್ ಮಾಡಿಕೊಡಬೇಕು, ಅಷ್ಟೇ ಕೆಲಸ. ಅರ್ಧ ದಿನ ಸಾಕು ಅಂದುಕೊಂಡಿದ್ದೆ. ಆಂಡ್ರಾಯ್ಡ್‌ನೊಳಗೇ ಬರುವ ಪಿಡಿಎಫ್‌ಡಾಕ್ಯುಮೆಂಟ್ ಕ್ಲಾಸನ್ನು (ಪಿಡಿಎಫ್ ಬರೆಯುವ ಸಿದ್ಧ ಕೋಡ್) ಹಾಗೆ ಹಿಡಿದವನು ಇನ್ನೂ ಬಿಟ್ಟಿಲ್ಲ. ಆಂಡ್ರಾಯ್ಡ್ 4.4ರಿಂದಲೇ ಇರುವುದರಿಂದ ಹಳೇ ಫೋನ್‌ಗಳ ಚಿಂತೆಯಿಲ್ಲ. ಬೇರೆ ಲೈಬ್ರರಿ ಸೇರಿಸಬೇಕಿಲ್ಲ.

ಮೊದಲ ತಪ್ಪು ನನ್ನದೇ. ಸ್ಕ್ರೀನನ್ನು ಬಿಟ್‌ಮ್ಯಾಪ್ (ಪಿಕ್ಸೆಲ್‌ಗಳ ಚಿತ್ರ) ಮಾಡಿ ಪುಟಕ್ಕೆ ಅಂಟಿಸಿದೆ. ಜೂಮ್ ಮಾಡಿದರೆ ಅಕ್ಷರವೆಲ್ಲ ಮಸುಕು. 1080 ಪಿಕ್ಸೆಲ್ ಅಗಲ, 10,000 ಪಿಕ್ಸೆಲ್ ಉದ್ದದ ಪಟ್ಟಿ ಅಂದರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 43 ಎಂಬಿ ಮೆಮೊರಿ! ಸಾಧಾರಣ ಫೋನ್ ಅಲ್ಲೇ ಮಲಗುತ್ತಿತ್ತು. ಆಮೇಲೆ ವ್ಯೂನ (ಸ್ಕ್ರೀನ್‌ನಲ್ಲಿ ಕಾಣುವ ಭಾಗ) ಡ್ರಾ ಫಂಕ್ಷನ್‌ಗೆ ಪುಟದ ಕ್ಯಾನ್ವಾಸನ್ನೇ, ಅಂದರೆ ಬರೆಯುವ ಜಾಗವನ್ನೇ ಕೊಟ್ಟೆ. ಅಕ್ಷರ ಅಕ್ಷರವಾಗೇ ಉಳಿಯಿತು, ಎಷ್ಟು ಜೂಮ್ ಮಾಡಿದರೂ ಚೂಪಾಗಿದೆ. ಫೈಲೂ ಚಿಕ್ಕದು.

ಪುಟದ ಅಳತೆ ಪಿಕ್ಸೆಲ್‌ನಲ್ಲಿಲ್ಲ, ಪಾಯಿಂಟ್‌ನಲ್ಲಿದೆ: ಇಂಚಿಗೆ 72. ಎ4 ಪುಟ ಅಂದರೆ 595 ಅಗಲ, 842 ಎತ್ತರ. ಸ್ಕೇಲ್ ಮಾಡದೆ, ಅಂದರೆ ಕುಗ್ಗಿಸದೆ ಬರೆದರೆ ಬಿಲ್ಲಿನ ಎಡಗಡೆ ಅರ್ಧ ಮಾತ್ರ ಬರುತ್ತೆ, ಮೊತ್ತದ ಕಾಲಂ ಮಾಯ.

ಜಾಸ್ತಿ ಸತಾಯಿಸಿದ್ದು ಪುಟ ಮುರಿಯುವ ಕೆಲಸ. ಅದನ್ನು ಈ ಕ್ಲಾಸ್ ಮಾಡಿಕೊಡುವುದಿಲ್ಲ. ಕ್ಯಾನ್ವಾಸನ್ನು ಸುಮ್ನೆ ಒಂದು ಪುಟದಷ್ಟು ಮೇಲಕ್ಕೆ ಸರಿಸುತ್ತಾ ಹೋದೆ. ಒಂದು ಸಾಲಿನ ತಲೆ ಮೊದಲ ಪುಟದಲ್ಲಿ, ಕಾಲು ಎರಡನೇ ಪುಟದಲ್ಲಿ! ಈಗ ಪ್ರತಿ ಸಾಲಿನ ಎತ್ತರ ಅಳೆದು, ಹಿಡಿಸದಿದ್ದರೆ ಹೊಸ ಪುಟ ಶುರು ಮಾಡುತ್ತೇನೆ. ರೀಸೈಕ್ಲರ್‌ವ್ಯೂ (ಉದ್ದ ಪಟ್ಟಿ ತೋರಿಸುವ ವ್ಯೂ) ಇದ್ದರಂತೂ ನೇರವಾಗಿ ಬರೆಯಲೇಬೇಡಿ. ಕಣ್ಣಿಗೆ ಕಾಣುವ ಸಾಲುಗಳಷ್ಟೇ ಬರುತ್ತವೆ, ಯಾಕಂದರೆ ಉಳಿದವು ಇನ್ನೂ ಹುಟ್ಟಿಯೇ ಇರುವುದಿಲ್ಲ. ಪಿಡಿಎಫ್‌ಗೆಂದೇ ಬೇರೆ ಲೇಔಟ್ ಮಾಡಿ, ಮೆಷರ್ (ಅಳತೆ) ಮತ್ತು ಲೇಔಟ್ (ಜೋಡಣೆ) ಫಂಕ್ಷನ್ ಎರಡನ್ನೂ ನೀವೇ ಕರೆದು ಬರೆಯುವುದು ವಾಸಿ. ಡಾರ್ಕ್ ಮೋಡ್ ಕಾಟವೂ ಅದರಿಂದಲೇ ತಪ್ಪಿತು. ಅದಕ್ಕೆ ಮುಂಚೆ ಒಬ್ಬ ಬಳಕೆದಾರರಿಗೆ ಬರೀ ಬಿಳಿ ಹಾಳೆ ಹೋಗಿತ್ತು. ಬಿಳಿ ಹಾಳೆ ಮೇಲೆ ಬಿಳಿ ಅಕ್ಷರ, ಇನ್ನೇನು ಕಾಣುತ್ತೆ ಅಲ್ವಾ?

ಚಿತ್ರಗಳಿದ್ದರೆ ಇನ್ನೊಂದು ಗುಂಡಿ ಇದೆ. ಇಮೇಜ್ ಲೈಬ್ರರಿಗಳು ಹಾರ್ಡ್‌ವೇರ್ ಬಿಟ್‌ಮ್ಯಾಪ್ (ಗ್ರಾಫಿಕ್ಸ್ ಮೆಮೊರಿಯಲ್ಲಷ್ಟೇ ಇರುವ ಚಿತ್ರ) ಕೊಟ್ಟರೆ ಈ ಕ್ಯಾನ್ವಾಸ್ ಒಪ್ಪುವುದಿಲ್ಲ, ಆ್ಯಪ್ ಕ್ರ್ಯಾಶ್ ಆಗುತ್ತೆ. ಆ ಆಯ್ಕೆ ಆಫ್ ಮಾಡಿ.

ಒಂದು ತಕರಾರು ಮಾತ್ರ ಇನ್ನೂ ಬಗೆಹರಿದಿಲ್ಲ. ನನ್ನ ಫೈಲ್‌ಗಳಲ್ಲಿ ಕನ್ನಡ ಓದಲು ಚೆನ್ನಾಗಿದೆ, ಆದರೆ ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಬಿಲ್ಲಿನ ನಂಬರನ್ನಾದರೂ ಹುಡುಕಲು ಆಗುತ್ತೆ ಅಂತ ಸದ್ಯಕ್ಕೆ ಸುಮ್ಮನಿದ್ದೇನೆ.