ಬಾಕ್ಸ್‌ಸ್ಟರ್ ಕೊಳ್ಳುವ ಮುನ್ನ ಎಣ್ಣೆಯ ಜಾಡು ಹಿಡಿದುಕೊಟ್ಟ ಗ್ಯಾರೇಜು

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಒಂದು ಮನೆಯ ಮುಂದೆ ನಿಂತಿದ್ದ 2007ರ ಪೋರ್ಷೆ ಬಾಕ್ಸ್‌ಸ್ಟರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ನೋಡಲು ಹೋದಾಗ ನಾನು ಮೊದಲು ಗಮನಿಸಿದ್ದು ಅದರ ಬಣ್ಣವನ್ನಲ್ಲ, ಕೆಳಗಿನ ಕಾಂಕ್ರೀಟಿನ ಮೇಲೆ ಬಿದ್ದಿದ್ದ, ಹಳೆಯ ಎಂಟಾಣೆಯಷ್ಟು ಅಗಲದ ಕಪ್ಪು ಕಲೆಯನ್ನು. ಮೊಣಕಾಲೂರಿ ಬಗ್ಗಿ ನೋಡಿದರೆ ತೊಟ್ಟು ನೇತಾಡುತ್ತಿದ್ದುದು ಎಂಜಿನ್ನು ಮತ್ತು ಗಿಯರ್‌ಬಾಕ್ಸು ಕೂಡುವ ಸಂದಿನಲ್ಲಿ. ಈ ಕಾರಿನ ಬಗ್ಗೆ ಸ್ವಲ್ಪವಾದರೂ ಓದಿಕೊಂಡವರಿಗೆ ಎದೆ ಧಸಕ್ಕೆನ್ನಲು ಅಷ್ಟು ಸಾಕು. ಮಾರುವವರನ್ನು ಒಪ್ಪಿಸಿ ಕಾರನ್ನು ಸ್ಯಾಂಟಾ ಕ್ಲಾರಾದ ಒಂದು ಸಣ್ಣ ಗ್ಯಾರೇಜಿಗೆ ಒಯ್ದು ಖರೀದಿಪೂರ್ವ ತಪಾಸಣೆ ಮಾಡಿಸಿದೆ. ಈ ಬರಹ ಆ ತಪಾಸಣೆಯ ಕುರಿತದ್ದು. ಇಬ್ಬರೇ ನಡೆಸುವ ಜಾಗವದು, ಈಗಾಗಲೇ ಮೂರು ವಾರ ಕಾಯಬೇಕಾಗಿದೆ, ದಯವಿಟ್ಟು ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿರುವುದರಿಂದ ಹೆಸರನ್ನು ಬಿಟ್ಟಿದ್ದೇನೆ.

ಆ ಸಂದಿನ ಬಗ್ಗೆ ಇಷ್ಟು ಭಯವೇಕೆ ಎಂಬುದನ್ನು ಮೊದಲು ಹೇಳಬೇಕು. ಬಾಕ್ಸ್‌ಸ್ಟರ್‌ನಲ್ಲಿ ಆರು ಸಿಲಿಂಡರಿನ ಎಂಜಿನ್ನು ಸೀಟುಗಳ ಬೆನ್ನಿಗೆ ಮಲಗಿರುತ್ತದೆ, ಅದರ ಹಿಂದೆ ಗಿಯರ್‌ಬಾಕ್ಸು. ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟು ಎಂಜಿನ್ನಿನಿಂದ ಹೊರಬಂದು ಫ್ಲೈವೀಲು ಎಂಬ ಭಾರದ ಚಕ್ರವನ್ನು ಹಿಡಿದುಕೊಳ್ಳುವ ಜಾಗದಲ್ಲಿ ಎಣ್ಣೆಯನ್ನು ಒಳಗೇ ತಡೆಯಲು ಒಂದು ಉಂಗುರವಿದೆ. ರಿಯರ್ ಮೇನ್ ಸೀಲ್ ಎಂದು ಕರೆಯುವುದು ಅದನ್ನೇ. 1996ರಲ್ಲಿ ಬಂದ ಮೊದಲ ಪೀಳಿಗೆಯಿಂದಲೂ ಈ ಸೀಲು ಜಿನುಗುವುದಕ್ಕೆ ಹೆಸರಾಗಿದೆ. ಉಂಗುರದ ಬೆಲೆ ಅಲ್ಪ, ಆದರೆ ಅದನ್ನು ಮುಟ್ಟಬೇಕಾದರೆ ಗಿಯರ್‌ಬಾಕ್ಸು, ಕ್ಲಚ್ಚು, ಫ್ಲೈವೀಲು ಮೂರನ್ನೂ ಇಳಿಸಬೇಕು. ಇನ್ನೂ ಕಳವಳದ ಸಂಗತಿಯೆಂದರೆ, ಅದೇ ಗೋಡೆಯಲ್ಲಿ ಸೀಲಿನ ಕೆಳಗೇ ಇಂಟರ್‌ಮೀಡಿಯೇಟ್ ಶಾಫ್ಟಿನ (ಚಿಕ್ಕದಾಗಿ ಐಎಂಎಸ್, ಕ್ರ್ಯಾಂಕ್‌ಶಾಫ್ಟಿನ ತಿರುಗಾಟವನ್ನು ಕ್ಯಾಮ್‌ಶಾಫ್ಟುಗಳಿಗೆ ಮುಟ್ಟಿಸುವ ನಡುದಂಡ) ಮುಚ್ಚಳವಿದೆ, ಅದರ ಹಿಂದೆ ಆ ದಂಡವನ್ನು ಹೊರುವ ಕುಖ್ಯಾತವಾದ ಐಎಂಎಸ್ ಬೇರಿಂಗ್ ಇದೆ. ಆ ಬೇರಿಂಗ್ ಕುಸಿದರೆ, ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳ ಸರಪಳಿಯ ಲೆಕ್ಕ ತಪ್ಪಿ ಕವಾಟಗಳು ಪಿಸ್ಟನ್ನಿಗೆ ಬಡಿಯುತ್ತವೆ, ಎಂಜಿನ್ನು ಗುಜರಿಗೆ ಹೋಗುತ್ತದೆ. 2001ರ ಮೇ ತಿಂಗಳಿನಿಂದ 2005ರ ಫೆಬ್ರವರಿಯವರೆಗೆ ತಯಾರಾದ ಬಾಕ್ಸ್‌ಸ್ಟರ್ ಮತ್ತು ಪೋರ್ಷೆಯದೇ ಆದ 911 ಕಾರುಗಳ ಈ ಬೇರಿಂಗಿನ ಬಗ್ಗೆ ಅಮೆರಿಕದಲ್ಲಿ ನಡೆದ ಸಾಮೂಹಿಕ ಮೊಕದ್ದಮೆ 2013ರಲ್ಲಿ ರಾಜಿಯಾಯಿತು. ನಾನು ನೋಡಿದ 2007ರ ಕಾರಿನಲ್ಲಿರುವುದು ಆಮೇಲೆ ಬಂದ ದೊಡ್ಡ ಬೇರಿಂಗ್. ಅದು ಹೆಚ್ಚು ಗಟ್ಟಿ, ಆದರೆ ಎಂಜಿನ್ನನ್ನೇ ಎರಡು ಹೋಳು ಮಾಡದೆ ಅದನ್ನು ಹೊರತೆಗೆಯಲಾಗದು. 2009ರ ಮಾದರಿಯಿಂದ ಎಂಜಿನ್ನಿನ ವಿನ್ಯಾಸವೇ ಬದಲಾಗಿ ಆ ಶಾಫ್ಟೇ ಇಲ್ಲವಾಯಿತು. ಹೀಗಾಗಿ ಆ ಸಂದಿನಲ್ಲಿ ಕಂಡ ಒಂದು ತೊಟ್ಟಿಗೆ ಜನ ಸೀಲಿನ ಹೆಸರು ಹೇಳುತ್ತಾರೆ, ಬೇರಿಂಗಿನ ಹೆಸರು ನೆನೆದು ನಿದ್ದೆಗೆಡುತ್ತಾರೆ.

ನಾನೂ ಹೋದವನೇ ಸೀಲಿನ ಹೆಸರನ್ನೇ ಹೇಳಿದೆ. ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕಾರನ್ನು ಲಿಫ್ಟಿನ ಮೇಲೇರಿಸಿ, ತಳದ ಪ್ಲಾಸ್ಟಿಕ್ ತಟ್ಟೆಗಳನ್ನು ಬಿಚ್ಚಿ, ತೊಟ್ಟನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ, ಇದು ಗಿಯರ್‌ಬಾಕ್ಸಿನ ಎಣ್ಣೆಯಲ್ಲ, ಎಂಜಿನ್ನಿನದು ಎಂದಷ್ಟೇ ಹೇಳಿದರು. ಗಿಯರ್ ಎಣ್ಣೆಗೆ ಗಂಧಕದ ವಾಸನೆಯಿರುವುದರಿಂದ ಅಷ್ಟನ್ನು ಮೂಗೇ ಹೇಳುತ್ತದೆ. ಅದಕ್ಕಿಂತ ಮುಂದೆ ಒಂದು ಹೆಜ್ಜೆ ಇಡಲೂ ಅವರು ಒಪ್ಪಲಿಲ್ಲ. ಕಾರು ಓಡುವಾಗ ತಳದ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಎಂಜಿನ್ನಿನ ಯಾವ ಮೂಲೆಯಲ್ಲಿ ಜಿನುಗಿದರೂ ಅದು ಹರಿದು ಬಂದು ಕೊನೆಗೆ ತೊಟ್ಟಿಕ್ಕುವುದು ಈ ಸಂದಿನಲ್ಲೇ, ಆದ್ದರಿಂದ ತೊಟ್ಟು ಬಿದ್ದ ಜಾಗವನ್ನು ನೋಡಿ ರೋಗದ ಹೆಸರು ಹೇಳುವುದು ಜೋಯಿಸರ ಕೆಲಸವೇ ಹೊರತು ತನ್ನದಲ್ಲ ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. ಈ ಸೇವೆಯಲ್ಲಿ ನಾನು ಕೊಟ್ಟ 350 ಡಾಲರಿಗೆ ತಕ್ಕದ್ದು ಏನಾದರೂ ಇದ್ದರೆ ಅದು ಆ ನಿರಾಕರಣೆಯೇ. ಫೋಟೊ ಕಳಿಸಿ ವಿಚಾರಿಸಿದ್ದ ಇನ್ನೊಂದು ಗ್ಯಾರೇಜಿನವರು ಕಾರಿನ ಮುಖವನ್ನೂ ನೋಡದೆ, ಸೀಲು ಮತ್ತು ಕ್ಲಚ್ಚಿಗೆ ಮೂರು ಸಾವಿರ ಡಾಲರಿನ ಅಂದಾಜನ್ನು ಹತ್ತೇ ನಿಮಿಷದಲ್ಲಿ ಕಳಿಸಿದ್ದರು.

ಸ್ಯಾಂಟಾ ಕ್ಲಾರಾದ ಗ್ಯಾರೇಜಿನವರು ಮಾಡಿದ್ದು ನಿಧಾನದ ಕೆಲಸ. ತಳವನ್ನೆಲ್ಲ ಬ್ರೇಕ್ ಕ್ಲೀನರ್‌ನಿಂದ ಉಜ್ಜಿ ಒಣಗಿಸಿದರು. ಈ ಕಾರಿನಲ್ಲಿ ಎಣ್ಣೆ ಹಾಕುವ ಬಾಯಿ ಹಿಂದಿನ ಡಿಕ್ಕಿಯೊಳಗಿದೆ. ಅಲ್ಲಿಂದ ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣವನ್ನು ಎಂಜಿನ್ ಎಣ್ಣೆಗೆ ಬೆರೆಸಿ, ಅರವತ್ತು ಮೈಲಿಯಾದರೂ ಓಡಿಸಿ ಎಂಜಿನ್ನನ್ನು ಚೆನ್ನಾಗಿ ಕಾಯಿಸಿ, ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ತನ್ನಿ ಎಂದರು. ನಾನೂ ಮಾರುವವರೂ 280ನೆಯ ಹೆದ್ದಾರಿಯಲ್ಲಿ ಹೋಗಿ ಬಂದೆವು. ಅಪರಿಚಿತರಿಬ್ಬರು ಎಣ್ಣೆ ಸೋರಲಿ ಎಂದು ಹಾರೈಸುತ್ತ ಮಾಡಿದ ಪ್ರವಾಸ ಬಹುಶಃ ಅದೊಂದೇ ಇರಬೇಕು. ಮರುದಿನ ಕತ್ತಲು ಮಾಡಿ ದೀಪ ಹಿಡಿದಾಗ ಹಳದಿ ಹಸಿರಿನ ಗೆರೆಯೊಂದು ಸ್ಪಷ್ಟವಾಗಿ ಕಾಣಿಸಿತು. ಅದು ಹೊರಟದ್ದು ಎಣ್ಣೆ ಶೋಧಕದ (ಆಯಿಲ್ ಫಿಲ್ಟರ್) ಪ್ಲಾಸ್ಟಿಕ್ ಬಟ್ಟಲಿನ ಅಂಚಿನಿಂದ, ಅಲ್ಲಿಂದ ಎಂಜಿನ್ನಿನ ಎಣ್ಣೆ ನಿಲ್ಲುವ ಅಡಿಪಾತ್ರೆಯಾದ ಸಂಪಿನ ತಳ ಹಿಡಿದು ಹಿಂದಕ್ಕೆ ಹರಿದು, ನಾನು ಭಯಪಟ್ಟಿದ್ದ ಆ ಸಂದಿನ ತುದಿಯಲ್ಲಿ ಮುಗಿದಿತ್ತು.

ಮಾರುವವರ ಅನುಮತಿ ಪಡೆದು ಬಟ್ಟಲನ್ನು ಬಿಚ್ಚಿದರು. ಒಳಗಿನ ಶೋಧಕ ಹೊಸದು, ಅಂಚಿನ ರಬ್ಬರ್ ಉಂಗುರ ಮಾತ್ರ ಹಳೆಯದು, ಚಪ್ಪಟೆಯಾಗಿ ಗಡುಸಾಗಿತ್ತು. ಎರಡು ತಿಂಗಳ ಹಿಂದೆ ಯಾವುದೋ ಅವಸರದ ಅಂಗಡಿಯಲ್ಲಿ ಎಣ್ಣೆ ಬದಲಿಸಿದವರು ಶೋಧಕದ ಜೊತೆಗೇ ಬರುವ ಹೊಸ ಉಂಗುರವನ್ನು ಹಾಕದೆ, ಹಳೆಯದನ್ನೇ ಮತ್ತೆ ಕೂರಿಸಿ, ಜಿನುಗಬಾರದೆಂದು ಬಟ್ಟಲನ್ನು ಬಲವಾಗಿ ಬಿಗಿದಿದ್ದರು. ಈ ಬಟ್ಟಲಿಗೆ ಬೇಕಾದದ್ದು 25 ನ್ಯೂಟನ್ ಮೀಟರ್ ಬಿಗಿತ ಮಾತ್ರ. ಹೆಚ್ಚಾದರೆ ಪ್ಲಾಸ್ಟಿಕ್ ಸೀಳುವ ಅಪಾಯವೂ ಇದೆ. ಗುಡ್ಡ ಅಗೆದು ಇಲಿ ಹಿಡಿದರು ಎಂದು ನಾವು ಹಂಗಿಸುತ್ತೇವಲ್ಲ, ಇಲ್ಲಿ ಇಲಿಯೇ ಸಿಕ್ಕಿದ್ದಕ್ಕೆ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಒಂದೇ ತೊಂದರೆಯೆಂದರೆ, ಬೆಲೆ ಇಳಿಸಲು ನನ್ನ ಕೈಯಲ್ಲಿದ್ದ ಒಂದೇ ನೆಪವೂ ಆ ಉಂಗುರದೊಂದಿಗೆ ಕಸದ ಬುಟ್ಟಿ ಸೇರಿತು.

ಬಟ್ಟಲು ಹೇಗೂ ತೆರೆದಿದ್ದರಿಂದ ಶೋಧಕದ ಕಾಗದವನ್ನು ಕತ್ತರಿಸಿ, ಮಡಿಕೆಗಳನ್ನು ಬಿಳಿಯ ಬಟ್ಟೆಯ ಮೇಲೆ ಹರಡಿ, ಲೋಹದ ಚೂರುಗಳಿಗಾಗಿ ಅಯಸ್ಕಾಂತ ಹಿಡಿದು ನೋಡಿದರು. ಬೇರಿಂಗಿನ ಸ್ಥಿತಿಯ ಬಗ್ಗೆ ಹೊರಗಿನಿಂದ ಸಿಗಬಹುದಾದ ಸುಳಿವು ಬಹುಮಟ್ಟಿಗೆ ಅಷ್ಟೇ, ಮತ್ತು ಇದನ್ನು ಮಾಡಿ ಎಂದು ನಾನು ಕೇಳಿರಲೂ ಇಲ್ಲ. ಹಾಗೆಯೇ ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ಎಣ್ಣೆಯ ಮುಚ್ಚಳವನ್ನು ಎತ್ತಿ ನೋಡಿದರು. ಒಳಗಿನಿಂದ ಯಾರೋ ಹೀರಿ ಹಿಡಿದಂತೆ ಮುಚ್ಚಳ ಮೇಲೇಳದಿದ್ದರೆ, ಎಣ್ಣೆಯ ಆವಿಯಿಂದ ಎಣ್ಣೆಯನ್ನು ಬೇರ್ಪಡಿಸುವ ಸಾಧನದ ಪೊರೆ ಹರಿದಿದೆ ಎಂದು ಸಂಶಯಿಸಬೇಕು. ಅದು ಹರಿದಾಗ ಎಂಜಿನ್ನು ತನ್ನ ಎಣ್ಣೆಯನ್ನು ತಾನೇ ಹೀರಿಕೊಂಡು ಮೋಡದಂತೆ ಬಿಳಿ ಹೊಗೆ ಉಗುಳುತ್ತದೆ. ಇಲ್ಲಿ ಮುಚ್ಚಳ ಸಲೀಸಾಗಿ ಬಂತು. ಬೆಳಿಗ್ಗೆ ಶುರುಮಾಡಿದಾಗ ಕ್ಷಣಕಾಲ ಕಂಡ ತೆಳು ಹೊಗೆಯ ಬಗ್ಗೆ ಕೇಳಿದ್ದಕ್ಕೆ, ಮಲಗಿದ ಸಿಲಿಂಡರುಗಳಲ್ಲಿ ರಾತ್ರಿ ಸ್ವಲ್ಪ ಎಣ್ಣೆ ನಿಲ್ಲುವುದು ಸಹಜ, ಅದು ಒಂದೆರಡು ನಿಮಿಷದಲ್ಲಿ ನಿಲ್ಲದಿದ್ದರೆ ಮಾತ್ರ ಚಿಂತಿಸಿ ಎಂದರು.

ಕೊರತೆಗಳೂ ಇವೆ. ವರದಿ ಕೈಬರಹದ ಒಂದೂವರೆ ಪುಟ, ಅರ್ಧ ಓದಲಾಗದು. ಇಪ್ಪತ್ತಮೂರು ಫೋಟೊಗಳನ್ನು ಒಂದು ಸಾಲಿನ ವಿವರಣೆಯೂ ಇಲ್ಲದೆ ಕಳಿಸಿದರು; ಯಾವುದು ಸಂಪು, ಯಾವುದು ಗಿಯರ್‌ಬಾಕ್ಸು ಎಂದು ನಾನು ಮನೆಯಲ್ಲಿ ಕುಳಿತು ಊಹಿಸಬೇಕಾಯಿತು. ಬಣ್ಣ, ಬಟ್ಟೆಯ ಛಾವಣಿ, ಅಪಘಾತದ ಗುರುತು ಇವುಗಳತ್ತ ಅವರು ಕಣ್ಣು ಹಾಯಿಸುವುದೂ ಇಲ್ಲ. ಎರಡು ದಿನ ಕಾರನ್ನು ಬಿಟ್ಟುಕೊಡಲು ಎಲ್ಲ ಮಾರಾಟಗಾರರೂ ಒಪ್ಪುವುದಿಲ್ಲ, ಒಂದೇ ಗಂಟೆಯಲ್ಲಿ ಮುಗಿಸುವ ವ್ಯವಸ್ಥೆ ಇವರಲ್ಲಿಲ್ಲ. ಆ ನಿಧಾನವನ್ನು ದೋಷವೆಂದು ಬರೆಯಲು ನನಗೆ ಮನಸ್ಸು ಬಾರದು.

ತುಮಕೂರಿನ ನಮ್ಮ ಮನೆಯ ಜಗುಲಿಯಲ್ಲಿ ಅಪ್ಪನ ಹಳೆಯ ಮೋಟಾರ್‌ಸೈಕಲ್ಲಿನ ಕೆಳಗೆ ಸದಾ ಒಂದು ತಗಡಿನ ತಟ್ಟೆ ಇರುತ್ತಿತ್ತು, ಕೆಂಪು ನೆಲಕ್ಕೆ ಕಲೆ ಬೀಳಬಾರದೆಂದು ಅಮ್ಮ ಇಟ್ಟದ್ದು. ಅದರಿಂದಲೋ ಏನೋ ಎಣ್ಣೆಯ ವಿಷಯದಲ್ಲಿ ನನಗೆ ಪಸೆ ಬೇರೆ, ಜಿನುಗು ಬೇರೆ, ತೊಟ್ಟಿಕ್ಕುವುದು ಬೇರೆ. ಗ್ಯಾರೇಜಿನವರೂ ಇದನ್ನೇ ತಮ್ಮ ರೀತಿಯಲ್ಲಿ ವಿಂಗಡಿಸಿದರು: ಧೂಳು ಹಿಡಿದ ಪಸೆಯನ್ನು ಬರೆದಿಟ್ಟುಕೊಂಡು ಬಿಡಬಹುದು, ನೆಲಕ್ಕೆ ಬೀಳುವ ತೊಟ್ಟಿನ ಮೂಲ ಹುಡುಕಲೇಬೇಕು, ಮತ್ತು ಮಾರಾಟಕ್ಕೆ ಬರುವ ಹಿಂದಿನ ದಿನವಷ್ಟೇ ತೊಳೆದು ಥಳಥಳಿಸುವ ತಳವಿರುವ ಹಳೆಯ ಕಾರನ್ನು ಎಣ್ಣೆ ಹಿಡಿದ ಕಾರಿಗಿಂತ ಹೆಚ್ಚು ಸಂಶಯದಿಂದ ನೋಡಬೇಕು. ನನ್ನ ಕಾರಿನ ಸೀಲಿನ ಬಗ್ಗೆ ಅವರ ವರದಿಯ ಕೊನೆಯ ಸಾಲು, ಅದೃಷ್ಟವಶಾತ್ ಓದಲು ಬರುವಂತಿದ್ದದ್ದು, ಇಷ್ಟೇ ಹೇಳುತ್ತದೆ: ಈ ತೊಟ್ಟು ಸೀಲಿನದಲ್ಲ; ಆದರೆ ಸೀಲು ಚೆನ್ನಾಗಿದೆಯೇ ಎಂಬುದನ್ನು ಗಿಯರ್‌ಬಾಕ್ಸು ಇಳಿಸದೆ ಹೇಳಲಾಗದು.

ಕಾರನ್ನು ಕೊಂಡು ಎಂಟು ತಿಂಗಳಾಯಿತು. ಕ್ಲಚ್ಚು ಇನ್ನೊಂದು ವರ್ಷ ಬಾಳಬಹುದು ಎಂದಿದ್ದಾರೆ. ಅದನ್ನು ಬದಲಿಸಲು ಗಿಯರ್‌ಬಾಕ್ಸು ಇಳಿಸಿದ ದಿನವೇ ಸೀಲನ್ನೂ ಹೊಸದಾಗಿ ಹಾಕಿಸುವುದೆಂದು ಈಗಲೇ ಹೇಳಿಟ್ಟಿದ್ದೇನೆ. ಮನೆಯ ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಹಾಸಿದ ರಟ್ಟಿನ ಮೇಲೆ ಇದುವರೆಗೆ ಎರಡು ಕಲೆ ಬಿದ್ದಿವೆ, ಎರಡೂ ಎಸಿಯ ನೀರಿನವು. ಆದರೂ ಪ್ರತಿ ಬೆಳಿಗ್ಗೆ ಬಗ್ಗಿ ನೋಡುವುದನ್ನು ಬಿಟ್ಟಿಲ್ಲ.