ಸರ್ವಿಸ್ ಸೆಂಟರಿನ ಎಸ್ಟಿಮೇಟು, ಗ್ಯಾರೇಜಿನ ಜಾಕು: ಹಳೇ ಕಾರಿಗೆ ಯಾರ ಮಾತು ಕೇಳಬೇಕು?

ವಾರಂಟಿ ಮುಗಿದು ವರ್ಷಗಳಾದ ಕಾರು ನಿಮ್ಮದಾಗಿದ್ದರೆ ನನ್ನ ಓಟು ಗ್ಯಾರೇಜಿಗೆ. ಒಂದೇ ಕಾರು, ಒಂದೇ ತಕರಾರು ಹಿಡಿದುಕೊಂಡು ಕಂಪನಿ ಸರ್ವಿಸ್ ಸೆಂಟರಿಗೂ ಹೋದೆ, ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಕಡೆಯ ಗ್ಯಾರೇಜಿಗೂ ಹೋದೆ. ಸರ್ವಿಸ್ ಸೆಂಟರಿನಲ್ಲಿ 46 ಸಾವಿರದ ಎಸ್ಟಿಮೇಟ್ ಕೈಗಿಟ್ಟರು. ಗ್ಯಾರೇಜಿನಲ್ಲಿ ಒಂಬತ್ತು ಸಾವಿರದೊಳಗೆ ಕೆಲಸ ಮುಗಿಯಿತು. ದುಡ್ಡು ಉಳಿದದ್ದು ಸಂತೋಷವೇ. ಅದಕ್ಕಿಂತ ಹೆಚ್ಚಾಗಿ, ಏನು ಕೆಟ್ಟಿದೆ ಅನ್ನೋದನ್ನ ಕೈಯಲ್ಲಿ ಹಿಡಿದು ನೋಡಿದ ಮೇಲೆ ದುಡ್ಡು ಕೊಟ್ಟೆ.

ನನ್ನದು 2011ರ ಪೆಟ್ರೋಲ್ ಕಾರು, ಕೆಎ-17. ದಿನಾ ಊರೊಳಗಿನ ಓಡಾಟ, ಆಗಾಗ ಹೈವೇಯಲ್ಲಿ ಚಿತ್ರದುರ್ಗ, ವರ್ಷಕ್ಕೊಮ್ಮೆ ಮನೆಯವರನ್ನೆಲ್ಲ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿ. ತಕರಾರು ಇಷ್ಟೇ: ಕಿತ್ತುಹೋದ ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಮುಂದಿನ ಎಡಗಡೆಯಿಂದ ಟಕ್ ಟಕ್ ಸದ್ದು.

ಸರ್ವಿಸ್ ಸೆಂಟರಿನ ಪಟ್ಟಿಯಲ್ಲಿ ಎರಡೂ ಕಡೆಯ ಲೋಯರ್ ಆರ್ಮ್ (ಗಾಲಿಯನ್ನ ಕಾರಿನ ಅಡಿಗೆ ಜೋಡಿಸುವ ಕಬ್ಬಿಣದ ತೋಳು), ಎರಡು ಶಾಕ್ ಅಬ್ಸಾರ್ಬರ್, ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್, ಕ್ಲಚ್ ಸೆಟ್, ಬ್ರೇಕ್ ಆಯಿಲ್, ಕೂಲಂಟ್, ಜೊತೆಗೆ ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ ಫ್ಲಶ್, ಎಸಿ ಕ್ಲೀನಿಂಗ್ ಇದ್ದವು. ನಾನು ಹೇಳಿದ ಸದ್ದಿಗೂ ಈ ಪಟ್ಟಿಗೂ ಏನು ಸಂಬಂಧ ಅಂತ ಕೇಳಿದರೆ ಅಡ್ವೈಸರ್ ಹುಡುಗ, "ಗಾಡಿ ಹಳೇದಾಗಿದೆ ಸರ್, ಒಟ್ಟಿಗೆ ಮಾಡಿಸಿಬಿಟ್ರೆ ಟೆನ್ಷನ್ ಇರಲ್ಲ" ಅಂದ.

"ಲೋಯರ್ ಆರ್ಮಿಗೆ ಏನಾಗಿದೆ?"

"ಬುಷ್ ಹೋಗಿದೆ ಸರ್, ಕೀಲಿನ ರಬ್ಬರು."

"ಒಂದ್ಸಲ ತೋರಿಸ್ತೀರಾ?"

"ಒಳಗೆ ಕಸ್ಟಮರ್ನ ಬಿಡಲ್ಲ ಸರ್. ಸೇಫ್ಟಿ ರೂಲ್ಸ್."

ನನಗೆ ತಡೆಯಲಾಗದಷ್ಟು ಸಿಟ್ಟು ಬಂದದ್ದು ಇಲ್ಲಿಯೇ. ಗಾಜಿನ ಆಚೆ ನನ್ನ ಕಾರು ಲಿಫ್ಟ್ ಮೇಲೆ ನಿಂತಿದೆ, ಈಚೆ ಸೋಫಾದಲ್ಲಿ ನಾನು ಕೂತಿದ್ದೇನೆ, ಮಧ್ಯೆ 46 ಸಾವಿರದ ಕಾಗದ. ಒತ್ತಾಯ ಮಾಡಿದ್ದಕ್ಕೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಬಿರುಕು ಬಿಟ್ಟ ಕರಿ ರಬ್ಬರು, ಅದರ ಸುತ್ತ ಒಂದು ಗೇಣು ಕಬ್ಬಿಣ. ಅದು ಯಾರ ಕಾರಿನದು, ಎಡಗಡೆಯದೋ ಬಲಗಡೆಯದೋ, ಒಂದೂ ತಿಳಿಯುವಂತಿರಲಿಲ್ಲ. ವರ್ಕ್‌ಶಾಪಿನೊಳಗೆ ಸಿಕ್ಕಸಿಕ್ಕವರು ಓಡಾಡಬಾರದು ಅನ್ನೋದನ್ನ ಒಪ್ಪುತ್ತೇನೆ. ಆದರೆ ಒಬ್ಬ ಸಿಬ್ಬಂದಿ ಜೊತೆಗಿದ್ದು, ಐದು ನಿಮಿಷ ಟಾರ್ಚ್ ಹಿಡಿದು ತೋರಿಸಿದರೆ ಯಾವ ಸೇಫ್ಟಿ ಕೆಡುತ್ತದೆ? ಜನರಲ್ ಚೆಕಪ್ಪಿನ ದುಡ್ಡು ಕಟ್ಟಿ, ಉಳಿದದ್ದಕ್ಕೆ ಸಹಿ ಹಾಕದೆ ಕಾರು ತಂದೆ. ನೆನಪಿಡಿ, ಎಸ್ಟಿಮೇಟ್ ಕೊಟ್ಟ ಮಾತ್ರಕ್ಕೆ ಮಾಡಿಸಲೇಬೇಕೆಂದಿಲ್ಲ. ನೀವು ಒಪ್ಪಿದ ಕೆಲಸ ಮಾತ್ರ ಜಾಬ್ ಕಾರ್ಡಿನಲ್ಲಿ, ಅಂದರೆ ಅವರು ಬರೆದುಕೊಳ್ಳುವ ಕೆಲಸದ ಪಟ್ಟಿಯಲ್ಲಿ, ಇರಬೇಕು.

ಗ್ಯಾರೇಜಿನ ಮೇಸ್ತ್ರಿಗೆ ಆ ಪಟ್ಟಿ ತೋರಿಸಲಿಲ್ಲ. ಇದನ್ನ ಎಲ್ಲರಿಗೂ ಹೇಳುತ್ತೇನೆ: ಎರಡನೇ ಅಭಿಪ್ರಾಯ ಬೇಕಾದರೆ ಮೊದಲನೆಯದನ್ನ ಜೇಬಿನಲ್ಲೇ ಇಟ್ಟುಕೊಳ್ಳಿ, ತಕರಾರು ಮಾತ್ರ ಹೇಳಿ. ಮೇಸ್ತ್ರಿ ಮೊದಲು ನನ್ನ ಪಕ್ಕ ಕೂತು, ಕಿತ್ತ ರಸ್ತೆ ಮೇಲೆ ನನ್ನ ಕೈಯಲ್ಲೇ ಕಾರು ಓಡಿಸಿ ಸದ್ದು ಕೇಳಿದರು. ವಾಪಸ್ ಬಂದು ಮುಂದಿನ ಎರಡೂ ಗಾಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು, "ಬರ್ರಿ ಸರ್, ನೀವೇ ಹಿಡಿದು ಅಲ್ಲಾಡ್ಸಿ ನೋಡ್ರಿ" ಅಂದರು.

ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದೆ. ಆಟ, ಅಂದರೆ ಸಡಿಲ, ಇಲ್ಲ. ಅಲ್ಲಿ ಆಟ ಇದ್ದರೆ ಬಾಲ್ ಜಾಯಿಂಟೋ (ಲೋಯರ್ ಆರ್ಮಿನ ತುದಿಯಲ್ಲಿ ಗಾಲಿ ಕಡೆಗಿರುವ ಗುಂಡು ಕೀಲು) ವೀಲ್ ಬೇರಿಂಗೋ ಹೋಗಿದೆ ಅಂತ. ಎಡಕ್ಕೂ ಬಲಕ್ಕೂ ಕೈ ಇಟ್ಟು ಅಲ್ಲಾಡಿಸಿದೆ, ಅಲ್ಲೂ ಇಲ್ಲ. ಇದ್ದಿದ್ದರೆ ಗಾಲಿ ತಿರುಗಿಸುವ ಟೈ ರಾಡ್ ಅಥವಾ ಸ್ಟೀರಿಂಗ್ ರ್ಯಾಕ್ ಹೋಗಿದೆ ಅಂತ. ಆಮೇಲೆ ಲೋಯರ್ ಆರ್ಮಿನ ಬುಷ್ ಪಕ್ಕ ಉದ್ದ ಸರಳು ತೂರಿಸಿ ಮೀಟಿದರು. ರಬ್ಬರಿನ ಮೇಲ್ಮೈಯಲ್ಲಿ ಬಿರುಕು ಇತ್ತು ನಿಜ, ಆದರೆ ಅದು ಒಳಗಿನ ಕಬ್ಬಿಣದ ಕೊಳವೆಯನ್ನ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿತ್ತು. "ಬಿರುಕು ಬಿಟ್ಟೈತಿ, ಹರಿದಿಲ್ಲ. ಹರಿದಿದ್ರೆ ಬ್ರೇಕ್ ಹಾಕ್ದಾಗ ದಡ್ ಅಂತಿತ್ತು" ಅಂದರು. ಕೊನೆಗೆ ಲಿಂಕ್ ರಾಡ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳನ್ನ ಗಾಲಿ ಕಡೆಗೆ ಜೋಡಿಸುವ ಸಣ್ಣ ಕಡ್ಡಿ) ಹಿಡಿಸಿದರು. ಬೆರಳ ತುದಿಯಲ್ಲೇ ಲಟಲಟ ಆಡಿತು. ತುದಿಯ ರಬ್ಬರ್ ಟೋಪಿ ಹರಿದು, ಗ್ರೀಸ್ ಒಣಗಿ, ಒಳಗೆ ಧೂಳು ತುಂಬಿತ್ತು. ಸದ್ದಿನ ಮೂಲ ಅದು. ಎರಡೂ ಕಡೆಯ ಲಿಂಕ್ ರಾಡ್, ಕೂಲಿ ಸೇರಿ ಎರಡು ಸಾವಿರ ದಾಟಲಿಲ್ಲ. ಸದ್ದು ನಿಂತಿತು.

"ಬಾಲ್ ಜಾಯಿಂಟ್ ಆಡ್ತಿದ್ರೆ ನಾನೇ ಗಾಡಿ ಬಿಡ್ತಿರ್ಲಿಲ್ಲ ಸರ್" ಅಂದ ಆ ಮೇಸ್ತ್ರಿ ಮೇಲೆ ನನಗೆ ಪೂರ್ತಿ ನಂಬಿಕೆ ಬಂತು. ಬಾಲ್ ಜಾಯಿಂಟ್ ಕಳಚಿಕೊಂಡರೆ ಓಡುವಾಗಲೇ ಗಾಲಿ ಮಡಚಿಕೊಳ್ಳುತ್ತದೆ. ಹಾಗಾಗಿ ಲೋಯರ್ ಆರ್ಮ್ ಹಾಕಿಸಿ ಅಂದವರೆಲ್ಲ ಸುಳ್ಳು ಹೇಳುತ್ತಾರೆ ಅಂತ ತಿಳಿಯಬೇಡಿ. ಆಟ ಇದೆಯೋ ಇಲ್ಲವೋ ಕೇಳಿ, ತೋರಿಸಿದರೆ ಅವತ್ತೇ ಹಾಕಿಸಿ.

ಉಳಿದವು ಬೇಗ ಇತ್ಯರ್ಥವಾದವು. ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಸದ್ದು ಏರಿಯೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ. ನನ್ನದು ಜಾರಲಿಲ್ಲ. ಪೆಡಲ್ ಬಿಗಿಯಾಗಿದ್ದದ್ದು ಕೇಬಲ್ಲಿನಿಂದ, ಹೊಸ ಕೇಬಲ್ ಹಾಕಿದರು. ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟರೆ ಕಾರು ಒಮ್ಮೆ ಎದ್ದು ನಿಂತುಬಿಟ್ಟಿತು, ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ತೊಟ್ಟಿಕ್ಕಿರಲಿಲ್ಲ, ಅದನ್ನ ಮುಟ್ಟಲಿಲ್ಲ. ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗುತ್ತಿರಲಿಲ್ಲ, ಡಿಸ್ಕ್ ಬೇಡವಾಯಿತು. ಪ್ಯಾಡ್ 4 ಮಿಲಿಮೀಟರ್ ಉಳಿದಿತ್ತು, ಇನ್ನೂ ಓಡುತ್ತದೆ ಅಂದರು. ಘಾಟಿ ಇಳಿಯುವವನು ನಾನು, ಹಾಕಿಸಿಬಿಟ್ಟೆ. ಇಂಜೆಕ್ಟರ್ ಕ್ಲೀನಿಂಗ್, ಫ್ಲಶ್: ಸ್ಟಾರ್ಟಿಂಗ್, ಪಿಕಪ್, ಮೈಲೇಜ್ ಎಲ್ಲ ಸರಿಯಿದ್ದ ಗಾಡಿಗೆ ಬೇಡ.

ಒಂದು ಕಡೆ ಸರ್ವಿಸ್ ಸೆಂಟರ್ ಹೇಳಿದ್ದೇ ಸರಿ. ಬ್ರೇಕ್ ಆಯಿಲ್ ಬಗ್ಗೆ ಮೇಸ್ತ್ರಿ, "ಗೆರೆ ತನಕ ಐತಲ್ರಿ, ಯಾಕ ಬೇಕು?" ಅಂದರು. ಮಟ್ಟ ಸರಿಯಿದ್ದರೆ ಸಾಲದು. ಅದು ಗಾಳಿಯ ತೇವ ಹೀರುತ್ತಾ ಹೋಗುತ್ತದೆ, ತೇವ ಹೆಚ್ಚಾದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ, ಉದ್ದದ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹಟ ಹಿಡಿದು ಹೊಸದು ಹಾಕಿಸಿದೆ, ಕೂಲಂಟನ್ನೂ. ಗ್ಯಾರೇಜಿನವರು ಸದ್ದು ಕೇಳಿ ರಿಪೇರಿ ಮಾಡುವವರು, ಸದ್ದು ಮಾಡದೆ ಹಳಸುವುದನ್ನ ನೀವೇ ನೆನಪಿಸಬೇಕು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಅದರ ಪಟ್ಟಿ ಇರುತ್ತದೆ.

ಗ್ಯಾರೇಜಿನಲ್ಲಿ "ಸಂಜಿಗೆ ಬರ್ರಿ" ಅಂದರೆ ಮರುದಿನ ಅಂತ ಇಟ್ಟುಕೊಳ್ಳಿ. ಬಿಲ್ಲು ಕೇಳಿ ಬರೆಸಿಕೊಳ್ಳಬೇಕು. ಪಾರ್ಟ್ಸ್ ತಂದಾಗ ಎಂಆರ್‌ಪಿ ಇರುವ ಪ್ಯಾಕೆಟ್ ನೋಡಿ, ತೆಗೆದ ಹಳೇ ಸಾಮಾನು ಡಿಕ್ಕಿಯಲ್ಲಿ ಹಾಕಿಸಿಕೊಳ್ಳಿ. ಏರ್‌ಬ್ಯಾಗ್ ಅಥವಾ ಎಬಿಎಸ್ ದೀಪ ಹತ್ತಿದರೆ ಮಾತ್ರ ನಾನೂ ಕಂಪನಿಗೇ ಹೋಗುತ್ತೇನೆ.

ಟೈರಿನ ವಿಷಯದಲ್ಲೂ ಹೀಗೇ ಆಯಿತು. ಗಾಲಿಗಳನ್ನ ನೇರಕ್ಕೆ ಕೂರಿಸುವ ಚಿತ್ರದುರ್ಗದ ಅಲೈನ್‌ಮೆಂಟ್ ಅಂಗಡಿಯೊಂದರಲ್ಲಿ ನಾಲ್ಕೂ ಟೈರ್ ಹೋಗಿವೆ ಅಂದರು. ಟೈರಿನ ಪಕ್ಕದಲ್ಲಿ ಅದು ತಯಾರಾದ ನಾಲ್ಕಂಕಿಯ ತಾರೀಕು ಇರುತ್ತದೆ, ಮೊದಲೆರಡು ಅಂಕಿ ವಾರದ್ದು, ಕೊನೆಯೆರಡು ವರ್ಷದ್ದು. ಮುಂದಿನವು 2023ರವು, ಹಿಂದಿನವು 2017ರವು. ಹಿಂದಿನ ಎರಡು ಮಾತ್ರ ಬದಲಿಸಿದೆ.

ಈ ಕಾರಿಗೆ 2026ಕ್ಕೆ ಹದಿನೈದು ವರ್ಷ ತುಂಬುತ್ತದೆ. ಆರ್‌ಸಿ ನವೀಕರಣದ ಶುಲ್ಕವೇ 5,000 ರೂಪಾಯಿ, ಆದರೆ ಮತ್ತೆ ಐದು ವರ್ಷ ಓಡಿಸಬಹುದು. ನನಗೆ ಓಡಿಸುವ ಆಸೆ ಇದೆ, ಆದ್ದರಿಂದ ಬೇಕಾದ ರಿಪೇರಿಗೆ ದುಡ್ಡು ಹಾಕಲು ಹಿಂದೆಮುಂದೆ ನೋಡುವುದಿಲ್ಲ. ನಿಂತು ನೋಡಲು ಪುರುಸೊತ್ತಿಲ್ಲದವರಿಗೆ, ವಾರಂಟಿ ಇನ್ನೂ ಇರುವ ಗಾಡಿಯವರಿಗೆ ಸರ್ವಿಸ್ ಸೆಂಟರೇ ಸರಿ. ನನಗೆ ಭಾನುವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ನಿಲ್ಲುವುದು ಭಾರವಲ್ಲ. ಆ ಬಿರುಕು ಬಿಟ್ಟ ಬುಷ್‌ಗಳನ್ನ ಮುಂದಿನ ಸರ್ವಿಸಿಗೆ ಮತ್ತೆ ಮೀಟಿ ನೋಡಬೇಕು, ಅಷ್ಟರೊಳಗೆ ಬ್ರೇಕ್ ಹಾಕಿದಾಗ ದಡ್ ಅಂದರೆ ಲೋಯರ್ ಆರ್ಮ್ ಹಾಕಿಸಿ ಅಲೈನ್‌ಮೆಂಟ್ ಮಾಡಿಸುತ್ತೇನೆ.