ಇಟಲಿಯ ಹಳೇ ಚರ್ಮದ ಆರ್ಮ್‌ಚೇರ್: ಕೂರುವ ಜಾಗಕ್ಕೆ ರಬ್ಬರ್ ಪಟ್ಟಿಯೋ, ಎಲಾಸ್ಟಿಕ್ಕೋ, ಸೆಣಬೋ?

1950–60ರ ದಶಕದ, ಮರದ ಚೌಕಟ್ಟು ಕಾಣುವ ಇಟಲಿಯ ಆರ್ಮ್‌ಚೇರ್ ಸಿಕ್ಕಿದರೆ ಮೊದಲು ದಿಂಬು ಎತ್ತಿ, ಅಡಿಯ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದ್ದು ಹಿಂದಕ್ಕೆ ಬರದಿದ್ದರೆ, ಬಾಗಿಸಿದಾಗ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡರೆ, ಬೆರಳಿಗೆ ಕಪ್ಪು ಪುಡಿ ಅಂಟಿದರೆ ಅದನ್ನು ಬದಲಿಸಲೇಬೇಕು. ಸೋತ ಪಟ್ಟಿಯ ಮೇಲೆ ದಿನವೂ ಕೂತರೆ ದಿಂಬಿನ ಮುಂದಿನ ಹೊಲಿಗೆಗೆ ಪೂರ್ತಿ ಭಾರ ಬಿದ್ದು ಹಳೇ ಚರ್ಮ ಅಲ್ಲೇ ಹರಿಯುತ್ತದೆ. ಒಂದೇ ಅಳತೆಯ ಚೌಕಟ್ಟುಗಳಿಗೆ ಮೂರು ಬಗೆಯ ಪಟ್ಟಿ ಹಾಕಿ, ಒಂದೇ ದಿಂಬಿಟ್ಟು ಕೂತು ನೋಡಿದ ಮೇಲೆ ಬರೆದ ಹೋಲಿಕೆ ಇದು.

ಈ ಕುರ್ಚಿಗಳಲ್ಲಿ ಸ್ಪ್ರಿಂಗ್ ಇರುವುದಿಲ್ಲ. ಪಿರೆಲ್ಲಿ ಕಂಪನಿಯ ಫೋಮ್ ರಬ್ಬರ್ ಮತ್ತು ರಬ್ಬರ್ ಪಟ್ಟಿ ಬಂದ ಮೇಲೆ ಸ್ಪ್ರಿಂಗಿನ ದಪ್ಪ ಅಡಿಭಾಗವೇ ಬೇಡವಾಯಿತು. ವಿನ್ಯಾಸಕಾರ ಮಾರ್ಕೊ ಝನುಸೊ ಆರ್‌ಫ್ಲೆಕ್ಸ್ ಎಂಬ ಪೀಠೋಪಕರಣ ಕಂಪನಿಗಾಗಿ ಮಾಡಿದ, 1951ರ ಮಿಲಾನ್ ತ್ರಿಯೆನ್ನಾಲೆ ವಿನ್ಯಾಸ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದ ‘ಲೇಡಿ’ ಕುರ್ಚಿ ಈ ದಾರಿ ತೆರೆಯಿತು. ಚೌಕಟ್ಟು ಅಷ್ಟು ತೆಳ್ಳಗಿರುವುದು, ಕೂರುವ ಜಾಗ ಅಷ್ಟು ತಗ್ಗಾಗಿರುವುದು ಪಟ್ಟಿಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆಂಬ ಲೆಕ್ಕದಲ್ಲಿ. ಆ ಲೆಕ್ಕ ತಪ್ಪಿಸುವ ಯಾವ ರಿಪೇರಿಯೂ ಈ ಕುರ್ಚಿಗೆ ಒಗ್ಗುವುದಿಲ್ಲ.

ಹಾಗಾಗಿ ಸೆಣಬಿನ ಪಟ್ಟಿಯನ್ನು ಬೇಗ ಬದಿಗಿಡಬಹುದು. ಅದು ಹಿಗ್ಗುವುದಿಲ್ಲ, ಮೇಲೆ ಸ್ಪ್ರಿಂಗ್ ಕಟ್ಟುವ ಸೋಫಾಕ್ಕೆ ಬಹಳ ಒಳ್ಳೆಯದು, ಇಲ್ಲಿ ಮಾತ್ರ ಹಲಗೆಯ ಮೇಲೆ ಕೂತ ಹಾಗಾಗುತ್ತದೆ, ಫೋಮ್ ಬೇಗ ಚಪ್ಪಟೆಯಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮರಕ್ಕೆ. ಬಿಗಿಯುವ ಉಪಕರಣ ಹಾಕಿ ಎಳೆದು ತುದಿಗೆ ಎಂಟೊಂಬತ್ತು ಮೊಳೆ ಹೊಡೆದರೆ ತೆಳುವಾದ ಒಣ ಮರ ಸೀಳುತ್ತದೆ. ಆ ಎಳೆತ ಸದಾ ಚೌಕಟ್ಟಿನ ಅಡ್ಡಮರವನ್ನು ಒಳಗೆ ಜಗ್ಗಿ ಮೂಲೆಯ ಡೋವೆಲ್ (ಮರದ ಗೂಟ) ಜೋಡಣೆ ಸಡಿಲವಾಗುತ್ತದೆ.

ಹೆಣೆದ ಎಲಾಸ್ಟಿಕ್ ಪಟ್ಟಿ ನಮ್ಮ ಸೋಫಾ ರಿಪೇರಿಯವರ ಕೈಗೆ ಚೆನ್ನಾಗಿ ಒಗ್ಗಿದ ಸಾಮಾನು. ಸುಮಾರು 10% ಎಳೆದು, ತುದಿ ಮಡಚಿ, ಎರಡು ಸಾಲಿನಲ್ಲಿ ಸ್ಟೇಪಲ್ ಹೊಡೆದು, ಉದ್ದಕ್ಕೂ ಅಡ್ಡಕ್ಕೂ ಹೆಣೆದರೆ ಹೊಸದರಲ್ಲಿ ಕೂರಲು ಹಿತವಾಗಿಯೇ ಇರುತ್ತದೆ. ಆದರೆ ಎರಡೂ ದಿಕ್ಕಿಗೆ ಹೆಣೆದಾಗ ನಡುಭಾಗ ರಬ್ಬರಿನಷ್ಟು ಇಳಿಯುವುದಿಲ್ಲ, ಕುರ್ಚಿ ತುಸು ಎತ್ತರವಾದಂತೆ ಅನಿಸುತ್ತದೆ. ದಿಂಬು ಸರಿದರೆ ಸ್ಟೇಪಲ್ ಕಣ್ಣಿಗೆ ಬೀಳುತ್ತದೆ. ಅಡ್ಡಮರದಲ್ಲಾದ ತೂತುಗಳು ಮತ್ತೆ ಮುಚ್ಚುವುದಿಲ್ಲ. ಮೂಲ ಗ್ರೂವ್, ಅಂದರೆ ರಬ್ಬರ್ ಪಟ್ಟಿಯ ತುದಿಯ ಕ್ಲಿಪ್ ಕೂರಲು ಚೌಕಟ್ಟಿನಲ್ಲಿ ಕೊರೆದ ಗಾಡಿ, ಪೂರ್ತಿ ಒಡೆದುಹೋಗಿದ್ದರೆ ಮಾತ್ರ ಇದನ್ನು ಒಪ್ಪಬಹುದು.

ಉಳಿದದ್ದು ರಬ್ಬರ್ ಪಟ್ಟಿ. ನಮ್ಮ ಮತ ಅದಕ್ಕೇ. ಓರೆಯಾಗಿ ಕತ್ತರಿಸಿದ ಎರಡು ಪದರ ನೂಲು ಒಂದಕ್ಕೊಂದು ಅಡ್ಡವಾಗಿ ರಬ್ಬರಿನೊಳಗೆ ಕೂತಿರುವುದರಿಂದ ಅದು ಭಾರಕ್ಕೆ ಹಿಗ್ಗಿ, ಎದ್ದ ಕೂಡಲೇ ಮೊದಲಿನಂತಾಗುತ್ತದೆ. ಹಾಕುವಾಗ ಎಳೆತ 7ರಿಂದ 10% ಸಾಕು. ಗ್ರೂವ್‌ನಿಂದ ಗ್ರೂವ್‌ಗೆ 50 ಸೆಂ.ಮೀ. ಇದ್ದರೆ 46 ಸೆಂ.ಮೀ. ಕತ್ತರಿಸಿ. ಕೂರುವ ಭಾಗಕ್ಕೆ 50 ಮಿ.ಮೀ. ಅಗಲದ ಆರು ಪಟ್ಟಿ, ನಡುವೆ ಸುಮಾರು 3 ಸೆಂ.ಮೀ. ಸಂದು. ಸಂದು ಇದಕ್ಕಿಂತ ಅಗಲವಾದರೆ ಫೋಮ್ ಅದರೊಳಗೆ ಇಳಿದು ದಿಂಬಿನ ಅಡಿಯ ಚರ್ಮದಲ್ಲಿ ಗೆರೆ ಬೀಳುತ್ತದೆ.

ಹಲ್ಲಿರುವ ಉಕ್ಕಿನ ಕ್ಲಿಪ್ಪನ್ನು ಪಟ್ಟಿಯ ತುದಿಗೆ ನೇರವಾಗಿ ಕೂರಿಸಿ ವೈಸ್‌ನಲ್ಲಿ (ಮೇಜಿಗೆ ಕೂರಿಸಿದ, ತಿರುಪಿನಿಂದ ಬಿಗಿಯುವ ಇಕ್ಕಳ) ಒಂದೇ ಸಲ ಒತ್ತಬೇಕು. ಸುತ್ತಿಗೆಯಿಂದ ಬಡಿದರೆ ಒಂದು ಬದಿ ಮಾತ್ರ ಕಚ್ಚಿಕೊಂಡು, ಭಾರ ಬಿದ್ದಾಗ ಆ ಮೂಲೆಯಿಂದ ಹರಿಯಲು ಶುರುವಾಗುತ್ತದೆ. ಗ್ರೂವ್ ತುಸು ಓರೆಯಾಗಿ ಕೊರೆದಿರುತ್ತಾರೆ. ಎಳೆದಷ್ಟೂ ಕ್ಲಿಪ್ ಒಳಕ್ಕೆ ಕೂರಲಿ ಎಂದು. ಅದರ ಅಂಚಿನಲ್ಲಿ ಸೀಳು ಕಂಡರೆ ಮೊದಲು ಅಂಟು ತುಂಬಿ, ಕ್ಲ್ಯಾಂಪ್ ಹಾಕಿ ಒಂದು ರಾತ್ರಿ ಬಿಡಿ. ಪಟ್ಟಿ ತಾಗುವ ಒಳ ಅಂಚು ಚೂಪಾಗಿದ್ದರೆ ಉಪ್ಪುಕಾಗದದಿಂದ ದುಂಡಗೆ ಮಾಡಿ, ಇಲ್ಲವಾದರೆ ಹೊಸ ರಬ್ಬರನ್ನೂ ಅದೇ ಕೊಯ್ಯುತ್ತದೆ.

ರಬ್ಬರಿಗೆ ಎಣ್ಣೆ ಆಗದು, ಊದಿಕೊಂಡು ಮೆತ್ತಗಾಗುತ್ತದೆ. ಚೌಕಟ್ಟಿಗೆ ಎಣ್ಣೆ ಹಚ್ಚುವುದಿದ್ದರೆ ಪಟ್ಟಿ ಹಾಕುವ ಮೊದಲೇ ಹಚ್ಚಿ, ಪೂರ್ತಿ ಒಣಗಲು ಬಿಡಿ. ಚರ್ಮದ ಕ್ರೀಮನ್ನೂ ದಿಂಬನ್ನು ಕುರ್ಚಿಯಿಂದ ತೆಗೆದೇ ಹಚ್ಚಬೇಕು. ಮಂಗಳೂರು, ಉಡುಪಿಯಂಥ ಕಡೆ ಇನ್ನೊಂದು ಕಾಟ: ಮಳೆಗಾಲದಲ್ಲಿ ಕ್ಲಿಪ್ ತುಕ್ಕು ಹಿಡಿದು ಚರ್ಮಕ್ಕೆ ಕಲೆ ಬೀಳುತ್ತದೆ. ಸತುವಿನ ಲೇಪದ ಕ್ಲಿಪ್ ಸಿಕ್ಕರೆ ಅದನ್ನೇ ಹಾಕಿ, ಪಟ್ಟಿ ಮತ್ತು ದಿಂಬಿನ ನಡುವೆ ಗಾಳಿಯಾಡುವ ಹತ್ತಿ ಬಟ್ಟೆಯೊಂದನ್ನು ಹಾಸಿ.

ದಿಂಬಿನೊಳಗಿನ ಹಳೇ ಫೋಮ್ ಹಳದಿ ಪುಡಿಯಾಗಿದ್ದರೆ ಅದನ್ನೂ ಈಗಲೇ ಬದಲಿಸಿ. ಬಟ್ಟೆಯ ಕವರಿಗಾದರೆ ಫೋಮನ್ನು ಒಂದು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸುವುದು ರೂಢಿ. ಹಳೇ ಚರ್ಮಕ್ಕೆ ಹಾಗೆ ಮಾಡಬೇಡಿ, ಕವರಿನ ಅಳತೆಗೆ ಸರಿಯಾಗಿ ಕತ್ತರಿಸಿ. ತುರುಕಿದರೆ ಹೊಲಿಗೆಯ ತೂತುಗಳು ಒಂದಕ್ಕೊಂದು ಸೇರಿ ಸಾಲಾಗಿ ಬಿಟ್ಟುಕೊಳ್ಳುತ್ತವೆ. ಬೆನ್ನಿನ ಭಾಗಕ್ಕೆ 38 ಮಿ.ಮೀ. ಪಟ್ಟಿ, 5% ಎಳೆತ ಸಾಕು. ಅಲ್ಲಿ ಬಿಗಿ ಹೆಚ್ಚಾದರೆ ಬೆನ್ನು ದಿಂಬಿನೊಳಗೆ ಕೂರದೆ ಮುಂದಕ್ಕೆ ತಳ್ಳಿದಂತಾಗುತ್ತದೆ.